ಹೊಟ್ಟೆಗಿಳಿದ ದಾರ

ಹೂದಂಡೆಯ ನೂಲು, ತುಪ್ಪದ ಬತ್ತಿ, ಹುಲ್ಲುಪೆಂಡಿಯ ಸುತಳಿ: ನಮ್ಮ ಕಣ್ಣಿಗೆ ಕಸವಾಗಿ ಕಾಣುವ ಇವು ಮನೆಯ ಬೆಕ್ಕು, ನಾಯಿ, ದನಗಳ ಪ್ರಾಣಕ್ಕೆ ಕುತ್ತಾಗುವುದು ಹೇಗೆ?

2021ರ ದೀಪಾವಳಿ. ಶಿರಸಿ ತಾಲ್ಲೂಕಿನ ಹೀಪನಹಳ್ಳಿಯ ಮನೆಯೊಂದರಲ್ಲಿ ಗೋಪೂಜೆಗೆಂದು ಹಸು–ಕರುವನ್ನು ಸಿಂಗರಿಸಿದ್ದರು. ಹೂಮಾಲೆಯ ಜೊತೆಗೆ 20 ಗ್ರಾಂ ತೂಕದ ಬಂಗಾರದ ಸರವೂ ಇತ್ತು. ಪೂಜೆಯ ಗಡಿಬಿಡಿ ಮುಗಿದು ನೋಡಿದರೆ ಸರ ಕಾಣಲಿಲ್ಲ. ಹೂವಿನೊಡನೆ ಹಸುವೇ ನುಂಗಿರಬೇಕೆಂದು ಮನೆಯವರು ತಿಂಗಳಿಗೂ ಮಿಕ್ಕಿ ದಿನವೂ ಸಗಣಿ ಕೆದಕಿ ನೋಡಿದರು. ಸರ ಹೊರಬೀಳಲಿಲ್ಲ. ಕೊನೆಗೆ ಪಶುವೈದ್ಯರು ಲೋಹಶೋಧಕ ಹಿಡಿದು ಪರೀಕ್ಷಿಸಿ, ಸ್ಕ್ಯಾನ್ ಮಾಡಿ ಜಾಗ ಗುರುತಿಸಿ, ಶಸ್ತ್ರಚಿಕಿತ್ಸೆಯಿಂದ ಸರವನ್ನು ಹೊರತೆಗೆದರು. ಸಣ್ಣ ತುಣುಕೊಂದು ಕಳೆದು, ಸಿಕ್ಕಿದ್ದು 18 ಗ್ರಾಂ. ಆ ಡಿಸೆಂಬರ್‌ನಲ್ಲಿ ಈ ಸುದ್ದಿ ದೇಶವನ್ನೆಲ್ಲ ಸುತ್ತಿತು.

ಓದಿದವರೆಲ್ಲ ಬಂಗಾರದ ಮಾತಾಡಿದರು. ಹಸುವಿಗೆ ಬೇಕಾಗಿದ್ದುದು ಬಂಗಾರವಲ್ಲ, ಹೂವು. ಹೂಮಾಲೆಗೆ ಬಾಯಿ ಹಾಕುವ ಹಸು ಎಸಳನ್ನಷ್ಟೇ ಆರಿಸಿ ತಿನ್ನುವುದಿಲ್ಲ. ಅದನ್ನು ಕಟ್ಟಿದ ದಾರವನ್ನೂ ಸೇರಿಸಿಯೇ ನುಂಗುತ್ತದೆ. ಸರ ಕಾಣೆಯಾದರೆ ಊರೆಲ್ಲ ಹುಡುಕುತ್ತೇವೆ. ದಾರ ಕಾಣೆಯಾದದ್ದು ಯಾರ ಗಮನಕ್ಕೂ ಬರುವುದಿಲ್ಲ. ಬಂಗಾರದ ಸರದಷ್ಟು ಸುದ್ದಿಯಾಗದ ಆ ದಾರದ ಬಗ್ಗೆಯೇ ಈ ಲೇಖನ.

ಶಿರಸಿಯಿಂದ ಹುಬ್ಬಳ್ಳಿಯ ಕಡೆ ಹೊರಟರೆ, ಹಾವೇರಿಯ ದಾರಿ ಕವಲೊಡೆಯುವಲ್ಲಿ ಎಕ್ಕಂಬಿ ಸಿಗುತ್ತದೆ. ಒಂದು ಕಡೆ ಅಡಿಕೆ ತೋಟ, ಸೊಪ್ಪಿನ ಬೆಟ್ಟ. ಇನ್ನೊಂದು ಕಡೆ ಬಯಲಿಗೆ ತೆರೆದುಕೊಳ್ಳುವ ಭತ್ತದ ಗದ್ದೆ. ಇಂಥ ಊರಿನ ಮನೆಯಲ್ಲಿ ದಾರಕ್ಕೆ ಬರವಿಲ್ಲ. ಅಡಿಕೆ ಚೀಲ ಹೊಲಿಯಲು ಸುತಳಿ, ಅಡಿಕೆ ಗೊನೆಗೆ ಹೊದಿಕೆಯ ಕೊಟ್ಟೆ ಕಟ್ಟಲು ದಾರ, ಹೂ ಕಟ್ಟಲು ನೂಲು, ದೇವರ ಮುಂದೆ ಬತ್ತಿ, ಕೊಟ್ಟಿಗೆಯಲ್ಲಿ ಹಗ್ಗ. ಅದೇ ಜಗಲಿಯ ಮೇಲೆ ಬೆಕ್ಕು ಮಲಗಿರುತ್ತದೆ, ಅಂಗಳದಲ್ಲಿ ನಾಯಿ ಓಡಾಡುತ್ತದೆ, ಕೊಟ್ಟಿಗೆಯಲ್ಲಿ ದನ ಕಟ್ಟಿರುತ್ತದೆ. ಈ ಮೂರು ಪ್ರಾಣಿಗಳಿಗೂ ದಾರ ಮೂರು ಬೇರೆ ಬೇರೆ ಬಗೆಯಲ್ಲಿ ಕೇಡು ಮಾಡುತ್ತದೆ.

ಉದ್ದದಲ್ಲೇ ಇದೆ ಅಪಾಯ

ಚೂಪಾದದ್ದು, ವಿಷದ್ದು, ದೊಡ್ಡದಾದದ್ದು ಅಪಾಯಕಾರಿ ಎಂದು ನಮಗೆ ಗೊತ್ತು. ಮೊಳೆ, ಇಲಿಪಾಷಾಣ, ಮೂಳೆಚೂರುಗಳನ್ನು ದೂರ ಇಡುತ್ತೇವೆ. ಮೆತ್ತಗಿನ ಹತ್ತಿನೂಲು ಏನು ಮಾಡೀತು ಎಂದು ಸುಮ್ಮನಿರುತ್ತೇವೆ. ಆದರೆ ದಾರದ ಕೇಡು ಇರುವುದು ಅದರ ಉದ್ದದಲ್ಲಿ.

ಕರುಳಿನ ಗೋಡೆಯ ಸ್ನಾಯುಗಳು ಒಂದರ ನಂತರ ಒಂದು ಕುಗ್ಗಿ ಹಿಗ್ಗಿ ಆಹಾರವನ್ನು ಮುಂದಕ್ಕೆ ತಳ್ಳುತ್ತವೆ. ಪ್ರಾಣಿಯೊಂದು ಗೋಲಿಯನ್ನೋ ಗುಂಡಿಯನ್ನೋ ನುಂಗಿದರೆ, ಅದು ಆಚೆ ಹೋಗಿಬಿಡುತ್ತದೆ ಅಥವಾ ಒಂದು ಜಾಗದಲ್ಲಿ ಸಿಕ್ಕಿಕೊಳ್ಳುತ್ತದೆ. ದಾರ ಹಾಗಲ್ಲ. ಅದರ ಒಂದು ತುದಿ ನಾಲಿಗೆಯ ಬುಡಕ್ಕೆ ಸುತ್ತಿಕೊಳ್ಳುತ್ತದೆ, ಇಲ್ಲವೇ ಉಂಡೆಯಾಗಿ ಜಠರದ ಹೊರಬಾಗಿಲಲ್ಲಿ ಸಿಕ್ಕಿಕೊಳ್ಳುತ್ತದೆ. ಇನ್ನೊಂದು ತುದಿ ಕರುಳಿಗೆ ಇಳಿಯುತ್ತದೆ. ಕರುಳು ತಳ್ಳುತ್ತಲೇ ಇರುತ್ತದೆ. ಮೇಲಿನ ತುದಿ ಸಿಕ್ಕಿಬಿದ್ದಿರುವುದರಿಂದ ದಾರ ಮುಂದೆ ಹೋಗುವುದಿಲ್ಲ. ಆಗ ಕರುಳೇ ದಾರದ ಮೇಲೆ ಹಿಂದಕ್ಕೆ ಸರಿಯತೊಡಗುತ್ತದೆ. ಪಾಯಿಜಾಮದ ಲಾಡಿಯನ್ನು ಎಳೆದಾಗ ಸೊಂಟದ ಬಟ್ಟೆ ನಿರಿಗೆಗಟ್ಟುವ ಹಾಗೆ, ಕರುಳು ಮಡಿಕೆ ಮಡಿಕೆಯಾಗಿ ಒಂದೆಡೆ ಗುಂಪಾಗುತ್ತದೆ.

ಇಷ್ಟಕ್ಕೇ ಮುಗಿಯುವುದಿಲ್ಲ. ಬಿಗಿದ ದಾರ ಪ್ರತಿ ಮಡಿಕೆಯ ಒಳಬಾಗಿನ ಮೇಲೂ ಒತ್ತುತ್ತದೆ. ಕರುಳು ಅಲುಗಿದಷ್ಟೂ ಅದು ಆ ತೆಳುಗೋಡೆಯನ್ನು ಕೊಯ್ಯುತ್ತದೆ. ತೂತು ಬಿದ್ದರೆ ಕರುಳಿನ ಕಲ್ಮಶ ಹೊಟ್ಟೆಯ ಒಳಾವರಣಕ್ಕೆ ಸೋರಿ ಸೋಂಕು ಹರಡುತ್ತದೆ. ಅಲ್ಲಿಂದಾಚೆಗೆ ಪ್ರಾಣಿಯನ್ನು ಉಳಿಸಿಕೊಳ್ಳುವುದು ಬಹಳ ಕಷ್ಟ. ಗೋಲಿ ಕಟ್ಟಿಕೊಂಡರೆ ಒಂದು ಕಡೆ. ದಾರ ಕೊಯ್ದರೆ ಹಲವು ಕಡೆ. ಪಶುವೈದ್ಯರು ಉದ್ದನೆಯ ವಸ್ತುಗಳನ್ನು ಬೇರೆಯೇ ವರ್ಗವಾಗಿ ನೋಡುವುದು ಇದಕ್ಕಾಗಿ.

ಪರವಸ್ತು ನುಂಗಿ ಆಸ್ಪತ್ರೆಗೆ ಬಂದ 499 ನಾಯಿಗಳನ್ನು ಪರಿಶೀಲಿಸಿದ ಅಧ್ಯಯನವೊಂದು 2014ರಲ್ಲಿ ಪ್ರಕಟವಾಯಿತು. ಅವುಗಳಲ್ಲಿ ಮೂರನೇ ಒಂದು ಭಾಗಕ್ಕೂ ತುಸು ಹೆಚ್ಚಿನವು ನುಂಗಿದ್ದು ದಾರ, ಬಟ್ಟೆಪಟ್ಟಿಯಂಥ ಉದ್ದನೆಯ ವಸ್ತುಗಳನ್ನು. ಅಂಥ ನಾಯಿಗಳ ಕರುಳಿಗೆ ಆದ ಹಾನಿ ಹೆಚ್ಚು, ಅವು ಆಸ್ಪತ್ರೆಯಲ್ಲಿ ಉಳಿಯಬೇಕಾದ ಅವಧಿಯೂ ಹೆಚ್ಚು. ಹಾಗಿದ್ದೂ ಚಿಕಿತ್ಸೆ ಸಿಕ್ಕ ನಾಯಿಗಳಲ್ಲಿ ಬಹುಪಾಲು ಬದುಕಿದವು. ಹೊತ್ತಿಗೆ ಸರಿಯಾಗಿ ವೈದ್ಯರ ಬಳಿ ಹೋದರೆ ಗೆಲ್ಲಬಹುದು ಎಂಬುದಕ್ಕೆ ಇದೇ ಸಾಕ್ಷಿ.

ಬೆಕ್ಕಿನ ನಾಲಿಗೆಯ ಒಮ್ಮುಖ ದಾರಿ

ದಾರಕ್ಕೆ ಬಲಿಯಾಗುವುದರಲ್ಲಿ ಬೆಕ್ಕು, ಅದರಲ್ಲೂ ಮರಿಬೆಕ್ಕು, ಮುಂದೆ. ಅಲುಗಾಡುವ, ತೆಳ್ಳಗಿನ, ನೆಲದ ಮೇಲೆ ಹರಿದಾಡುವ ಯಾವುದನ್ನು ಕಂಡರೂ ಅದರ ಬೇಟೆಯ ಬುದ್ಧಿ ಜಾಗೃತವಾಗುತ್ತದೆ. ಮಕ್ಕಳು ದಾರ ಎಳೆದು ಆಡಿಸುವುದು, ಮರಿ ಅದರ ಹಿಂದೆ ಜಿಗಿಯುವುದು ನೋಡಲು ಚೆಂದ. ಆಟ ಮುಗಿಸಿ ಮಕ್ಕಳು ಎದ್ದುಹೋಗುತ್ತಾರೆ, ದಾರ ಅಲ್ಲೇ ಉಳಿಯುತ್ತದೆ.

ಮರಿ ಅದನ್ನು ಬಾಯಿಗೆ ಹಾಕಿದ ಮೇಲೆ ಉಗುಳುವುದು ಸುಲಭವಲ್ಲ. ಬೆಕ್ಕು ಕೈ ನೆಕ್ಕಿದಾಗ ಗರಗರ ಎನ್ನಿಸುವುದು ಅದರ ನಾಲಿಗೆಯ ಮೇಲಿರುವ ನೂರಾರು ಪುಟ್ಟ ಮುಳ್ಳುಗಳಿಂದ. ನಮ್ಮ ಉಗುರಿನಲ್ಲಿರುವ ಕೆರಟಿನ್‌ನಿಂದಲೇ ಆದ ಆ ಮುಳ್ಳುಗಳೆಲ್ಲ ಗಂಟಲ ಕಡೆಗೆ ಬಾಗಿವೆ. ತುಪ್ಪಟ ಬಾಚಲು, ಮೂಳೆಯಿಂದ ಮಾಂಸ ಕೆರೆಯಲು ಪ್ರಕೃತಿ ಕೊಟ್ಟ ಸಾಧನ ಅದು. ಅಮೆರಿಕದ ಜಾರ್ಜಿಯಾ ಟೆಕ್‌ನ ಅಲೆಕ್ಸಿಸ್ ನೋಯಲ್ ಮತ್ತು ಡೇವಿಡ್ ಹೂ 2018ರಲ್ಲಿ ಪ್ರಕಟಿಸಿದ ಸಂಶೋಧನೆ, ಈ ಮುಳ್ಳುಗಳ ತುದಿ ಟೊಳ್ಳಾಗಿದ್ದು ಜೊಲ್ಲನ್ನು ಹೀರಿ ತುಪ್ಪಟದ ಬುಡಕ್ಕೆ ಒಯ್ಯುತ್ತದೆ ಎಂದು ತೋರಿಸಿತು. ಇಷ್ಟು ಸೊಗಸಾದ ಈ ಏರ್ಪಾಡು ದಾರದ ವಿಷಯದಲ್ಲಿ ಬೆಕ್ಕಿಗೇ ತಿರುಗಿಬೀಳುತ್ತದೆ. ನಾಲಿಗೆ ಅಲುಗಿದಂತೆಲ್ಲ ಮುಳ್ಳುಗಳು ದಾರವನ್ನು ಇನ್ನಷ್ಟು ಒಳಕ್ಕೆ ಒಯ್ಯುತ್ತವೆ. ಸೂಜಿಗೆ ಪೋಣಿಸಿದ ದಾರವಾದರೆ ಹಿಂದೆ ಸೂಜಿಯೂ ಹೋಗುತ್ತದೆ. ಕೆಲವೊಮ್ಮೆ ಗಂಟಲಿಗೋ ಅಂಗುಳಿಗೋ ಚುಚ್ಚಿಕೊಂಡು ನಿಲ್ಲುತ್ತದೆ.

ನಾಯಿಯ ಕತೆ ಬೇರೆ. ಅದಕ್ಕೆ ಆಟಕ್ಕಿಂತ ವಾಸನೆ ಮುಖ್ಯ. ಮಾಂಸ, ತುಪ್ಪ, ಹಾಲು ಹತ್ತಿದ ಯಾವುದನ್ನಾದರೂ ಅಗಿಯದೆ ನುಂಗಿಬಿಡುತ್ತದೆ. ನಾಯಿಗಳಲ್ಲಿ ದಾರ ಸಾಮಾನ್ಯವಾಗಿ ನಾಲಿಗೆಯಡಿ ಸುತ್ತಿಕೊಳ್ಳದೆ ಜಠರದ ಹೊರಬಾಗಿಲಲ್ಲಿ ಸಿಕ್ಕಿಕೊಳ್ಳುವುದರಿಂದ, ಬಾಯಿ ತೆರೆದು ನೋಡಿದರೆ ಏನೂ ಕಾಣದಿರಬಹುದು.

ನಮ್ಮ ಮನೆಗಳ ದಾರಗಳು

ಪರದೇಶದ ಪಶುವೈದ್ಯ ಪುಸ್ತಕಗಳಲ್ಲಿ ಕ್ರಿಸ್‌ಮಸ್ ಮರದ ಮಿಂಚುಪಟ್ಟಿ, ಉಡುಗೊರೆಯ ರಿಬ್ಬನ್, ಹಲ್ಲುಸಂದಿ ಉಜ್ಜುವ ದಾರಗಳ ಹೆಸರಿರುತ್ತದೆ. ನಮ್ಮ ಪಟ್ಟಿಯನ್ನು ನಾವೇ ಬರೆದುಕೊಳ್ಳಬೇಕು.

ಮೊದಲನೆಯದು ದೀಪದ ಬತ್ತಿ. ತುಪ್ಪ ಅಥವಾ ಎಣ್ಣೆಯಲ್ಲಿ ನೆನೆದ ಹತ್ತಿಬತ್ತಿಗಿಂತ ರುಚಿಯಾದ ದಾರ ಬೆಕ್ಕಿಗೂ ನಾಯಿಗೂ ಬೇರೆ ಇಲ್ಲ. ಆರಿದ ದೀಪದಲ್ಲಿ ಉಳಿದ ತುಂಡು, ಆರತಿ ತಟ್ಟೆಯಲ್ಲಿ ಬಿಟ್ಟ ಬತ್ತಿ ರಾತ್ರಿ ಕಳೆಯುವುದರೊಳಗೆ ಮಾಯವಾದರೆ ಇಲಿ ಒಯ್ದಿತು ಅಂದುಕೊಳ್ಳುತ್ತೇವೆ. ಉದ್ದಬತ್ತಿ ಹೊಸೆಯುವ ಮನೆಗಳಲ್ಲಿ ಅಪಾಯ ಇನ್ನೂ ಹೆಚ್ಚು.

ಎರಡನೆಯದು ಹೂವಿನ ದಾರ. ಮಲ್ಲಿಗೆ, ಅಬ್ಬಲಿಗೆಯ ದಂಡೆಗಳನ್ನು ಹಿಂದೆ ಬಾಳೆನಾರಿನಲ್ಲಿ ಕಟ್ಟುತ್ತಿದ್ದರು, ಈಗಲೂ ಹಲವು ಮನೆಗಳಲ್ಲಿ ಕಟ್ಟುತ್ತಾರೆ. ಪೇಟೆಯಿಂದ ಬರುವ ಮಾಲೆಯಲ್ಲಿ ಹತ್ತಿನೂಲು ಅಥವಾ ಕೊಳೆಯದ ನೈಲಾನ್ ದಾರ. ಬಾಡಿದ ಹೂವು ದಾರಸಮೇತ ಗೊಬ್ಬರಗುಂಡಿಗೋ ಗಿಡದ ಬುಡಕ್ಕೋ ಬೀಳುತ್ತದೆ. ಇಲ್ಲಿ ಒಂದು ಸೂಕ್ಷ್ಮವಿದೆ. ಬಾಳೆನಾರು ದನಕ್ಕೆ ಮೇವು. ಅದರ ಮೆಲುಕು ಹಾಕುವ ಹೊಟ್ಟೆ ನಾರನ್ನು ಕೊಳೆಸಿ ಅರಗಿಸಿಕೊಳ್ಳುತ್ತದೆ. ಅದೇ ನಾರು ಬೆಕ್ಕಿನ ಕರುಳಿನಲ್ಲಿ ಅರಗುವುದಿಲ್ಲ. ಆದ್ದರಿಂದ ಪ್ರಕೃತಿಯಲ್ಲಿ ಸಿಕ್ಕಿದ ದಾರವಾದರೆ ಎಲ್ಲ ಪ್ರಾಣಿಗೂ ಕ್ಷೇಮ ಎಂದು ನೆಮ್ಮದಿಯಿಂದ ಇರುವ ಹಾಗಿಲ್ಲ.

ಮೂರನೆಯದು ಪಾರ್ಸಲ್ ದಾರ. ಹೋಟೆಲಿನ ತಿಂಡಿ, ಅಂಗಡಿಯ ಮೀನು–ಮಾಂಸ ಕಟ್ಟಿಕೊಟ್ಟ ಕಾಗದದ ಸುತ್ತಲಿನ ನೂಲು, ರಬ್ಬರ್‌ಬ್ಯಾಂಡ್. ಪೊಟ್ಟಣ ಬಿಚ್ಚಿದ ಮೇಲೆ ವಾಸನೆ ಅಂಟಿದ ದಾರ ಅಡುಗೆಮನೆಯ ಕಟ್ಟೆಯ ಮೇಲೋ ಹಿತ್ತಲಿನ ಕಸದಲ್ಲೋ ಉಳಿಯುತ್ತದೆ. ಮೀನಿನ ಗಾಳದ ದಾರ ಇನ್ನೂ ಕೆಟ್ಟದ್ದು: ಕಣ್ಣಿಗೆ ಕಾಣುವುದಿಲ್ಲ, ತುಂಡಾಗುವುದಿಲ್ಲ, ತುದಿಯಲ್ಲಿ ಕೊಕ್ಕೆ.

ಇವಲ್ಲದೆ ಹೊಲಿಗೆಪೆಟ್ಟಿಗೆಯ ನೂಲಿನ ಉಂಡೆ, ಕೌದಿ–ಕಂಬಳಿಯ ಎಳೆ, ಲಂಗದ ಲಾಡಿ, ಜಡೆಯ ರಿಬ್ಬನ್ನು, ಬಾಚಣಿಗೆಯಿಂದ ತೆಗೆದ ಕೂದಲಿನ ಸುರುಳಿ, ಮಾಸ್ಕಿನ ಕಿವಿಪಟ್ಟಿ, ಇಯರ್‌ಫೋನಿನ ವಯರು. ನೂಲುಹುಣ್ಣಿಮೆಯಂದು ಬದಲಿಸಿದ ಹಳೆಯ ಜನಿವಾರ, ಕೈಯಿಂದ ಬಿಚ್ಚಿದ ರಾಖಿ, ಮದುವೆ–ಮುಂಜಿಯ ಕಂಕಣದ ದಾರ. ಚೌತಿಯ ಫಲಾವಳಿಗೆ ಹಣ್ಣು–ಕಾಯಿ ಕಟ್ಟಿದ ಎಳೆಗಳು, ಮಾವಿನೆಲೆಯ ತೋರಣದ ಸುತಳಿ. ಎರಡು ವರ್ಷಕ್ಕೊಮ್ಮೆ ಬರುವ ಶಿರಸಿಯ ಮಾರಿಕಾಂಬಾ ಜಾತ್ರೆಯಿಂದ ಮಕ್ಕಳು ತರುವ ಬಲೂನಿನ ದಾರ. ಒಂದೊಂದಾಗಿ ನೋಡಿದರೆ ಯಾವುದೂ ಅಪಾಯದ್ದೆನಿಸುವುದಿಲ್ಲ. ಹಬ್ಬದ ಮರುದಿನ ಮನೆ ಗುಡಿಸುವಾಗ ಇವೆಲ್ಲ ಒಂದೇ ಮೂಲೆಯಲ್ಲಿ ರಾಶಿ ಬೀಳುತ್ತವೆ. ಹಬ್ಬದ ಮರುದಿನವೇ ನಾವು ಹೆಚ್ಚು ಎಚ್ಚರದಿಂದಿರಬೇಕಾದ ದಿನ.

ಕೊಟ್ಟಿಗೆಯ ಲೆಕ್ಕ

ಹೀಪನಹಳ್ಳಿಯ ಹಸುವಿನ ಸಗಣಿಯಲ್ಲಿ ಸರ ಯಾಕೆ ಬರಲಿಲ್ಲ? ದನದ ಹೊಟ್ಟೆಯ ರಚನೆಯೇ ಹಾಗಿದೆ. ಅದರ ಹೊಟ್ಟೆಗೆ ನಾಲ್ಕು ಕೋಣೆ. ಮೊದಲಿನ ಎರಡು ಕೋಣೆಗಳಿಂದ ಮೂರನೆಯದಕ್ಕೆ ಹೋಗುವ ಕಿಂಡಿ ಚಿಕ್ಕದು. ಚೆನ್ನಾಗಿ ನುರಿದ ಮೇವಷ್ಟೇ ಅದನ್ನು ದಾಟಬಲ್ಲದು. ಲೋಹದಂಥ ಭಾರದ ವಸ್ತು ಜೇನುಹುಟ್ಟಿನ ವಿನ್ಯಾಸವಿರುವ ಎರಡನೇ ಕೋಣೆಯ ತಳ ಸೇರುತ್ತದೆ. ತಂತಿ, ಸೂಜಿಗಳಾದರೆ ಅಲ್ಲಿಂದ ಮುಂದಕ್ಕೆ ಚುಚ್ಚಿಕೊಂಡು, ಪಕ್ಕದಲ್ಲೇ ಇರುವ ಹೃದಯದ ಹೊದಿಕೆಯವರೆಗೂ ಹೋಗಬಲ್ಲವು.

ಪ್ಲಾಸ್ಟಿಕ್ ದಾರ ಉಳಿಯುವುದು ಮೊದಲ ದೊಡ್ಡ ಕೋಣೆಯಲ್ಲಿ. ದೊಡ್ಡ ತಳಿಯ ಹಸುಗಳಲ್ಲಿ ಅದು ನೂರು ಲೀಟರಿಗೂ ಹೆಚ್ಚು ಹಿಡಿಯುತ್ತದೆ. ಅಲ್ಲಿ ದಾರ ಕೊಳೆಯುವುದೂ ಇಲ್ಲ, ಮುಂದೆ ಹೋಗುವುದೂ ಇಲ್ಲ. ಇಂದು ಒಂದು ಎಳೆ, ಮುಂದಿನ ವಾರ ಇನ್ನೊಂದು. ಒಂದಕ್ಕೊಂದು ಹೆಣೆದುಕೊಂಡು, ಚೀಲದ ಚೂರುಗಳನ್ನೂ ಸೇರಿಸಿಕೊಂಡು ಗಟ್ಟಿ ಉಂಡೆಯಾಗುತ್ತವೆ. ಮೇವಿಗೆ ಜಾಗ ಕಡಿಮೆಯಾಗುತ್ತದೆ. ಹಸು ಸೊರಗುತ್ತದೆ, ಹಾಲು ಇಳಿಯುತ್ತದೆ, ಪದೇ ಪದೇ ಹೊಟ್ಟೆಯುಬ್ಬರ. ಆಂಧ್ರದ ಪುಟ್ಟಪರ್ತಿಯ ಕರುಣಾ ಸೊಸೈಟಿಯವರು ಬೀದಿದನಗಳ ಹೊಟ್ಟೆಯಿಂದ ಪ್ಲಾಸ್ಟಿಕ್ ರಾಶಿಗಳನ್ನು ಹೊರತೆಗೆದದ್ದನ್ನು 2012ರ ‘ದಿ ಪ್ಲಾಸ್ಟಿಕ್ ಕೌ’ ಸಾಕ್ಷ್ಯಚಿತ್ರ ತೋರಿಸಿತು. ಅದು ಪೇಟೆಯ ಬೀದಿಯ ಸಂಕಟ ಎಂದು ಹಳ್ಳಿಯವರು ಸಮಾಧಾನಪಡುವಂತಿಲ್ಲ.

ಯಾಕೆಂದರೆ ಈಗ ದಾರ ಮೇವಿನೊಡನೆಯೇ ಕೊಟ್ಟಿಗೆಗೆ ಬರುತ್ತಿದೆ. ಯಂತ್ರದಲ್ಲಿ ಒತ್ತಿ ಕಟ್ಟಿದ ಭತ್ತದ ಹುಲ್ಲಿನ ಪೆಂಡಿಗಳನ್ನು ಬಿಗಿಯುವುದು ಪ್ಲಾಸ್ಟಿಕ್ ಸುತಳಿಯಿಂದ. ಕತ್ತಲಲ್ಲಿ, ಮಳೆಯಲ್ಲಿ, ಅವಸರದಲ್ಲಿ ಪೆಂಡಿ ಬಿಡಿಸುವಾಗ ಸುತಳಿಯ ತುಂಡು ಹುಲ್ಲಿನಲ್ಲೇ ಉಳಿದರೆ ಹಸು ಅದನ್ನು ಬೇರ್ಪಡಿಸಲಾರದು. ನಾಲಿಗೆ ಚಾಚಿ ಸುತ್ತಿ ಎಳೆದುಕೊಂಡು ನುಂಗುವುದು ಅದರ ರೀತಿ. ಹಿಂಡಿಚೀಲದ ಬಾಯಿಯ ಹೊಲಿಗೆ ಬಿಚ್ಚಿದಾಗ ಒಂದೇ ಎಳೆತಕ್ಕೆ ಮಾರುದ್ದದ ದಾರ ಕೈಗೆ ಬರುತ್ತದೆ. ಹಿಂಡಿಯ ವಾಸನೆ ಹತ್ತಿದ ಆ ದಾರ ಕೊಟ್ಟಿಗೆಯ ಗೂಟಕ್ಕೆ ಜೋತುಬಿದ್ದಿರುತ್ತದೆ, ಇಲ್ಲವೇ ನೆಲದಲ್ಲಿ ಬಿದ್ದಿರುತ್ತದೆ.

ದೊಡ್ಡ ಹಬ್ಬವಾದ ದೀಪಾವಳಿಯ ದಿನ ನಮ್ಮ ದನಗಳ ಕೊರಳಿಗೆ ಅಡಿಕೆ, ವೀಳ್ಯದೆಲೆ, ಸಿಂಗಾರ, ಪಚ್ಚೆತೆನೆ, ಚೆಂಡುಹೂಗಳ ದಂಡೆ ಕಟ್ಟುತ್ತೇವೆ. ದನಗಳು ಪರಸ್ಪರರ ಕೊರಳಿನ ದಂಡೆಗೆ ಬಾಯಿ ಹಾಕುವುದು ಹಬ್ಬದ ಗಮ್ಮತ್ತಿನ ಒಂದು ಭಾಗ. ದಂಡೆಯನ್ನು ನಾರಿನಲ್ಲಿ, ಕಾಡುಬಳ್ಳಿಯಲ್ಲಿ ಕಟ್ಟಿದರೆ ಅದೂ ಮೇವೇ. ನೈಲಾನಿನಲ್ಲಿ ಕಟ್ಟಿದರೆ, ಪೂಜಿಸಿದ ಕೈಯಿಂದಲೇ ಅದರ ಹೊಟ್ಟೆಗೆ ಕೊಳೆಯದ ಕಸ ತುಂಬಿದಂತಾಯಿತು.

ಗುರುತು ಹಿಡಿಯುವುದು ಹೇಗೆ

ಬೆಕ್ಕು ಗರಿಕೆ ತಿಂದು ವಾಂತಿ ಮಾಡುವುದು ನಮಗೆ ಮಾಮೂಲು. ‘ಹೊಟ್ಟೆ ಶುದ್ಧ ಮಾಡಿಕೊಳ್ತದೆ’ ಎಂದು ಸುಮ್ಮನಾಗುತ್ತೇವೆ. ಒಮ್ಮೆ ವಾಂತಿ ಮಾಡಿ ಮತ್ತೆ ಆಡುತ್ತಾ ಉಣ್ಣುತ್ತಾ ಇದ್ದರೆ ಸರಿ. ವಾಂತಿ ಮರುಕಳಿಸಿದರೆ, ಹಾಲು–ಮೀನಿಗೂ ಮುಖ ತಿರುಗಿಸಿದರೆ, ಅಟ್ಟದಲ್ಲೋ ಮಂಚದಡಿಯಲ್ಲೋ ಅಡಗಿ ಕುಳಿತರೆ, ಹೊಟ್ಟೆ ಮುಟ್ಟಿದಾಗ ನರಳಿದರೆ ಅದು ಗರಿಕೆಯ ವಾಂತಿಯಲ್ಲ. ಪದೇ ಪದೇ ಜೊಲ್ಲು ಸುರಿಸುವುದು, ಪಂಜದಿಂದ ಬಾಯಿ ಕೆರೆದುಕೊಳ್ಳುವುದು ನಾಲಿಗೆಯಡಿ ದಾರ ಸಿಕ್ಕಿರುವುದರ ಸೂಚನೆಯಾಗಬಹುದು. ದಾರ ಕರುಳನ್ನು ಪೂರ್ತಿ ಮುಚ್ಚದೆಯೂ ಇರಬಹುದು. ಆಗ ಪ್ರಾಣಿ ಸ್ವಲ್ಪ ನೀರು ಕುಡಿಯುತ್ತದೆ, ಸ್ವಲ್ಪ ಮಲ ಹಾಕುತ್ತದೆ. ಅದನ್ನು ನೋಡಿ ಗುಣವಾಗುತ್ತಿದೆ ಎಂದು ನಂಬಿ ಕಾಯುವಷ್ಟರಲ್ಲಿ ಒಳಗೆ ಕೊಯ್ತ ನಡೆದಿರುತ್ತದೆ.

ಕಾಡಂಚಿನ ಊರುಗಳಲ್ಲಿ ಈ ಸಾವುಗಳು ಲೆಕ್ಕಕ್ಕೇ ಸಿಗುವುದಿಲ್ಲ. ನೋವಾದ ಬೆಕ್ಕು ಮನೆ ಬಿಟ್ಟು ಮರೆಗೆ ಹೋಗಿ ಸಾಯುತ್ತದೆ. ಚಿರತೆ ಹಿಡಿಯಿತು, ಹಾವು ಕಚ್ಚಿತು, ಯಾರೋ ಪಾಷಾಣ ಇಟ್ಟರು ಎಂದು ನಾವು ಕಾರಣ ಹುಡುಕಿಕೊಳ್ಳುತ್ತೇವೆ. ಅವುಗಳಲ್ಲಿ ಕೆಲವಕ್ಕಾದರೂ ನಮ್ಮ ಮನೆಯ ದಾರವೇ ಕಾರಣವಾಗಿರಬಹುದು ಎಂಬ ಯೋಚನೆ ಬರುವುದಿಲ್ಲ.

ಮಾಡಬಾರದ್ದು, ಮಾಡಬೇಕಾದದ್ದು

ಬಾಯಿಯಿಂದಲೋ ಗುದದ್ವಾರದಿಂದಲೋ ದಾರದ ತುದಿ ಕಂಡರೆ ಎಳೆದುಬಿಡೋಣ ಅನ್ನಿಸುವುದು ಸಹಜ. ಎಳೆಯಲೇಬಾರದು. ಆ ತುದಿಯ ಆಚೆ ಎಷ್ಟು ಉದ್ದವಿದೆ, ಎಲ್ಲಿ ಸಿಕ್ಕಿದೆ ಎಂಬುದು ಹೊರಗಿನಿಂದ ತಿಳಿಯುವುದಿಲ್ಲ. ನಾವು ಎಳೆದ ಒಂದೇ ಎಳೆತಕ್ಕೆ, ಬಿಗಿದು ನಿಂತ ದಾರ ಕರುಳನ್ನು ಸೀಳಬಹುದು.

ಹರಳೆಣ್ಣೆ ಕುಡಿಸುವುದು ಇನ್ನೊಂದು ರೂಢಿ. ಭೇದಿಗೆ ಹಾಕಿದರೆ ಕರುಳಿನ ಒತ್ತಡ ಹೆಚ್ಚುತ್ತದೆ, ಕೊಯ್ತವೂ ಹೆಚ್ಚುತ್ತದೆ. ಬಲವಂತವಾಗಿ ಹೊಯ್ದ ಎಣ್ಣೆ ಶ್ವಾಸನಾಳಕ್ಕೆ ಇಳಿಯುವ ಭಯವೂ ಇದೆ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವುದೂ ಬೇಡ. ಉಪ್ಪೇ ವಿಷವಾಗಬಹುದು, ದಾರ ಇನ್ನಷ್ಟು ಬಿಗಿಯಬಹುದು. ಅನ್ನ, ಬಾಳೆಹಣ್ಣು ತಿನ್ನಿಸಿ ಕೆಳಗಿಳಿಸುವ ಪ್ರಯತ್ನವನ್ನೂ ಮಾಡಬೇಡಿ. ವೈದ್ಯರು ಅರಿವಳಿಕೆ ಕೊಡಬೇಕಾದರೆ ಹೊಟ್ಟೆ ಖಾಲಿಯಿರುವುದೇ ಒಳ್ಳೆಯದು.

ಮಾಡಬೇಕಾದದ್ದು ಇಷ್ಟು. ಬೆಕ್ಕು ಬಿಟ್ಟುಕೊಟ್ಟರೆ ಬಾಯಿ ತೆರೆದು, ಕೆಳದವಡೆಯ ಎರಡು ಮೂಳೆಗಳ ನಡುವಿನ ಮೆತ್ತನೆಯ ಜಾಗವನ್ನು ಹೊರಗಿನಿಂದ ಹೆಬ್ಬೆರಳಲ್ಲಿ ಮೇಲಕ್ಕೆ ಒತ್ತಿ. ನಾಲಿಗೆ ಎದ್ದು ಅದರ ಅಡಿಭಾಗ ಕಾಣುತ್ತದೆ. ದಾರ ಕಂಡರೆ ಮುಟ್ಟದೆ ವೈದ್ಯರಿಗೆ ತಿಳಿಸಿ. ನುಂಗಿದ್ದು ಯಾವ ದಾರ, ಎಷ್ಟುದ್ದ, ಯಾವಾಗ, ಸೂಜಿ ಇತ್ತೇ ಎಂಬುದನ್ನು ನೆನಪಿಟ್ಟುಕೊಳ್ಳಿ. ಅದೇ ದಾರದ ಉಳಿದ ತುಂಡಿದ್ದರೆ ಒಯ್ಯಿರಿ. ಹತ್ತಿನೂಲು ಎಕ್ಸ್‌ರೇಯಲ್ಲಿ ಕಾಣುವುದಿಲ್ಲ. ಕರುಳು ಗುಂಪುಗಟ್ಟಿದ ರೀತಿಯಿಂದ, ಅಲ್ಟ್ರಾಸೌಂಡ್‌ನಿಂದ ವೈದ್ಯರು ಊಹಿಸಬೇಕಾಗುತ್ತದೆ. ಹೀಗಾಗಿ ನೀವು ಹೇಳುವ ಒಂದು ಮಾತು ಯಂತ್ರಕ್ಕಿಂತ ಹೆಚ್ಚು ಸಹಾಯ ಮಾಡೀತು.

ಬೇಗ ಕರೆದೊಯ್ದರೆ ಕೆಲವೊಮ್ಮೆ ವೈದ್ಯರು ನಾಲಿಗೆಯಡಿಯ ದಾರವನ್ನು ಕತ್ತರಿಸಿ ಬಿಡುಗಡೆ ಮಾಡಿ, ಅದು ತಾನಾಗಿ ಇಳಿಯುತ್ತದೆಯೇ ಎಂದು ನಿಗಾ ಇಡಬಹುದು. ತಡವಾಗಿದ್ದರೆ ಕರುಳನ್ನು ಹಲವು ಕಡೆ ತೆರೆದು ದಾರವನ್ನು ತುಂಡು ತುಂಡಾಗಿ ತೆಗೆಯಬೇಕಾಗುತ್ತದೆ. ಎಕ್ಕಂಬಿಯ ಸುತ್ತಿನವರಿಗೆ ಮೊದಲ ಆಸರೆ ಶಿರಸಿಯ ಪಶು ಆಸ್ಪತ್ರೆ. ದೊಡ್ಡ ಶಸ್ತ್ರಚಿಕಿತ್ಸೆ ಬೇಕಾದರೆ ಶಿವಮೊಗ್ಗದಲ್ಲಿ ಪಶುವೈದ್ಯಕೀಯ ಕಾಲೇಜಿದೆ. ದನಗಳಿಗೆ ತುರ್ತು ಬಂದಾಗ 1962 ಸಹಾಯವಾಣಿಗೆ ಕರೆ ಮಾಡಿದರೆ ಸಂಚಾರಿ ಪಶುಚಿಕಿತ್ಸಾ ವಾಹನದ ನೆರವು ಕೇಳಬಹುದು. ಆ ಸಂಖ್ಯೆಯನ್ನು ಕೊಟ್ಟಿಗೆಯ ಬಾಗಿಲಿಗೆ ಬರೆದಿಡುವುದು ಒಳ್ಳೆಯದು.

ಮುಚ್ಚಳದ ಡಬ್ಬಿ ಮತ್ತು ಕತ್ತರಿ

ಇಷ್ಟೆಲ್ಲ ಸಂಕಟವನ್ನು ತಪ್ಪಿಸುವ ದಾರಿ ಬಹಳ ಸರಳವಾದದ್ದು. ದಾರದ ಕೇಡು ಅದರ ಉದ್ದದಲ್ಲಿದೆ ಎಂದಾದರೆ, ಉದ್ದವನ್ನು ಕತ್ತರಿಸಿದರೆ ಕೇಡಿನ ಬಹುಪಾಲು ಹೋಯಿತು. ಬಿಸಾಡುವ ನೂಲನ್ನು ಬೆರಳುದ್ದಕ್ಕಿಂತ ಚಿಕ್ಕ ತುಂಡುಗಳಾಗಿ ಕತ್ತರಿಸಿ, ಮುಚ್ಚಳವಿರುವ ಡಬ್ಬಿಗೆ ಹಾಕಬೇಕು. ಹೊಲಿಗೆಯ ಸೂಜಿ–ದಾರ ಕೆಲಸ ಮುಗಿದ ಕೂಡಲೇ ಪೆಟ್ಟಿಗೆ ಸೇರಬೇಕು. ದೀಪ ಆರಿಸಿದ ಮೇಲೆ ಬತ್ತಿ ತೆಗೆದಿಡಬೇಕು. ನಿರ್ಮಾಲ್ಯ ತೆಗೆಯುವಾಗ ಹೂವು ಗಿಡಕ್ಕೆ, ದಾರ ಡಬ್ಬಿಗೆ. ಮರಿಬೆಕ್ಕಿನ ಜೊತೆ ದಾರದಲ್ಲಿ ಆಡಿದ ಮಕ್ಕಳೇ ಆಟ ಮುಗಿದಾಗ ದಾರವನ್ನು ಎತ್ತಿಡಬೇಕು. ಒಮ್ಮೆ ಕಾರಣ ತಿಳಿಸಿದರೆ ದೊಡ್ಡವರಿಗಿಂತ ಅವರೇ ಚೆನ್ನಾಗಿ ಪಾಲಿಸುತ್ತಾರೆ.

ದನದ ವಿಷಯದಲ್ಲಿ ಕತ್ತರಿಸುವುದು ಸಾಲದು, ತುಂಡುಗಳೂ ಹೊಟ್ಟೆಯಲ್ಲಿ ಕೂಡಿಕೊಳ್ಳುತ್ತವೆ. ಅಲ್ಲಿ ಎಣಿಕೆ ಬೇಕು. ಪೆಂಡಿಗೆ ಎಷ್ಟು ಸುತಳಿಯಿತ್ತೋ ಅಷ್ಟೂ ಕೈಗೆ ಬಂದ ಮೇಲೆಯೇ ಹುಲ್ಲು ಗೋದಲಿಗೆ ಹೋಗಬೇಕು. ಹಿಂಡಿಚೀಲದ ದಾರಕ್ಕೆಂದು ಗೋಡೆಗೆ ಒಂದು ಚೀಲ ತೂಗುಹಾಕಬೇಕು. ಹಾಲಿನ ಡೇರಿಗಳು, ಸಹಕಾರಿ ಸಂಘಗಳು ಹಿಂಡಿ ಮಾರುವಾಗ ಈ ಒಂದು ಮಾತನ್ನೂ ಹೇಳಿ ಕಳಿಸಿದರೆ ಎಷ್ಟೋ ಕೊಟ್ಟಿಗೆಗಳಿಗೆ ಉಪಕಾರವಾದೀತು. ದೊಡ್ಡ ಹಬ್ಬದ ದಂಡೆ ಮತ್ತೆ ನಾರಿಗೆ, ಬಳ್ಳಿಗೆ ಮರಳಬೇಕು.

ಬೆಕ್ಕಿಗೆ ದಾರ ಬೇಟೆಯಾಗಿ ಕಾಣುತ್ತದೆ, ನಾಯಿಗೆ ಅದರಲ್ಲಿ ಊಟದ ವಾಸನೆ, ದನಕ್ಕೆ ಅದೂ ಮೇವಿನ ಒಂದು ಎಳೆ. ಅವು ಹಾಗೆ ತಿಳಿಯುವುದರಲ್ಲಿ ತಪ್ಪಿಲ್ಲ. ಹುಟ್ಟಿನಿಂದ ಬಂದ ಬುದ್ಧಿ ಅದು. ದಾರ ಯಾವುದು, ಮೇವು ಯಾವುದು ಎಂದು ಬೇರ್ಪಡಿಸಿ ನೋಡಬಲ್ಲವರು ಆ ಮನೆಯಲ್ಲಿ ನಾವೊಬ್ಬರೇ. ಆದ್ದರಿಂದ ನೆಲದ ಮೇಲೆ ಬಿದ್ದ ದಾರವನ್ನು ಬಗ್ಗಿ ಎತ್ತುವ ಹೊಣೆಯೂ ನಮ್ಮದೇ.